ಪುಣಜನೂರಿನ ಹತ್ತಿ ಕಡ್ಡಿ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಿವೃತ್ತ ವಿಜ್ಞಾನ ಶಿಕ್ಷಕಿ ಶ್ರೀಮತಿ ಸುಧಾಮಣಿಯವರೇ, ಘಟ್ಟದ ಕೆಳಗಿನ ಸಿಮೆಂಟ್ ಕಾರ್ಖಾನೆಯಿಂದ ಮುಖ್ಯ ಅತಿಥಿಗಳಾಗಿ ಬಂದಿರುವ ಇಂಧನ ವಿಭಾಗದ ಶ್ರೀ ಶರತ್ ಅವರೇ, ಈ ಸನ್ಮಾನವನ್ನು ಏರ್ಪಡಿಸಿರುವ ಗುಂಡ್ಲುಪೇಟೆಯ ಪರಿಸರ ಬಳಗದ ಪದಾಧಿಕಾರಿಗಳೇ, ಮಂಡಿಯ ನನ್ನ ವ್ಯಾಪಾರಿ ಮಿತ್ರರೇ, ಲಾರಿ ಚಾಲಕ ಬಂಧುಗಳೇ, ಮತ್ತು ಹಿಂದಿನ ಅಡುಗೆಮನೆಯಿಂದ ಸಾರಿನ ಒಗ್ಗರಣೆ ಘಮಘಮಿಸುತ್ತಿದ್ದರೂ ತಾಳ್ಮೆಯಿಂದ ಕುಳಿತಿರುವ ಸಭಿಕರೇ,

ನಾನು ಭಾಷಣಕಾರನಲ್ಲ. ಈ ನಂಜುಂಡಪ್ಪ ಈರುಳ್ಳಿ ವ್ಯಾಪಾರಿ ಎನ್ನುವುದು ನಿಮಗೆಲ್ಲ ಗೊತ್ತು. ಈರುಳ್ಳಿ ವ್ಯಾಪಾರಿ ಮಾತಿಗೆ ನಿಂತರೆ ಎದುರಿನವರ ಕಣ್ಣಲ್ಲಿ ನೀರು ಬರುತ್ತದೆ, ಆದರೆ ಅದು ಮಾತಿನ ಶಕ್ತಿಯಿಂದಲ್ಲ, ಅಂಗಿಯ ವಾಸನೆಯಿಂದ. ಇವತ್ತು ಆ ತೊಂದರೆಯೂ ಇಲ್ಲ. ನನ್ನ ಹೆಂಡತಿ ಯಶೋದಮ್ಮ ಅಂಗಿಗೆ ಸೆಂಟು ಹಾಕಿ ಕಳಿಸಿದ್ದಾಳೆ. ಅದರ ಮೇಲೆ ನೀವು ಶಾಲು ಹೊದಿಸಿದ್ದೀರಿ. ಈ ಬಿಸಿಲಿನಲ್ಲಿ ಶಾಲು ಹೊದ್ದವನ ಕಷ್ಟ ಹೊದ್ದವನಿಗೇ ಗೊತ್ತು.

ಸ್ವಾಗತ ಕೋರಿದವರು ನನ್ನನ್ನು 'ಹೊಲದ ಕಸದಿಂದ ಕಲ್ಲಿದ್ದಲನ್ನು ಸೋಲಿಸಿದ ಸಾಹಸಿ' ಎಂದು ಕರೆದರು. 'ಭೂಮಿತಾಯಿಯ ಸುಪುತ್ರ' ಎಂದರು. ಕೇಳುತ್ತಾ ಕುಳಿತಿದ್ದೆ. ಇಂಥ ಹೊತ್ತಿನಲ್ಲಿ ತಲೆ ತಗ್ಗಿಸಿ ಕುಳಿತರೆ ಜನ ವಿನಯ ಎಂದುಕೊಳ್ಳುತ್ತಾರೆ. ಅದು ವಿನಯವಲ್ಲ, ಸ್ವಾಮಿ. ಏನು ಎಂದು ಹೇಳುತ್ತೇನೆ. ಐದು ನಿಮಿಷ ಸಾಕು ಎಂದು ಕಾರ್ಯದರ್ಶಿಗಳು ಕಿವಿಯಲ್ಲಿ ಹೇಳಿದ್ದಾರೆ. ಸ್ವಲ್ಪ ಹೆಚ್ಚಾದರೆ ಕ್ಷಮೆ ಇರಲಿ.

ನನ್ನ ಲಾರಿಗಳು ಈರುಳ್ಳಿ ತುಂಬಿಕೊಂಡು ಒಂದು ಕಡೆ ಕೇರಳಕ್ಕೆ, ಇನ್ನೊಂದು ಕಡೆ ಚಾಮರಾಜನಗರದ ಮೇಲೆ ಹಾದು ಘಟ್ಟ ಇಳಿದು ತಮಿಳುನಾಡಿಗೆ ಹೋಗುತ್ತಿದ್ದವು. ಈರುಳ್ಳಿ ಇಲ್ಲದ ತಿಂಗಳಲ್ಲಿ ಲಾರಿ ಸುಮ್ಮನೆ ನಿಲ್ಲುತ್ತದೆ. ನಿಂತ ಲಾರಿ, ಕೂತ ಅಳಿಯ, ಎರಡೂ ಮನೆಗೆ ಭಾರ. ಅಂಥ ಒಂದು ತಿಂಗಳಲ್ಲಿ, ಎರಡು ಸಾವಿರದ ಐದನೇ ಇಸವಿಯ ಸುಮಾರಿಗೆ, ಈ ಶರತ್ ಅವರು ಜೀಪಿನಲ್ಲಿ ನನ್ನ ಮಂಡಿಗೆ ಬಂದರು. ಆಗ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ ಅವರಿಗೆ. 'ನಿಮ್ಮ ಕಡೆ ಹೊಲದಲ್ಲಿ ಬೆಳೆ ಕೊಯ್ದ ಮೇಲೆ ಏನೇನು ವೇಸ್ಟ್ ಉಳಿಯುತ್ತದೆ?' ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ವೇಸ್ಟು ಬೇಕು ಎಂದು ಜೀಪು ಹತ್ತಿ ಬಂದವರನ್ನು ನಾನು ಅದೇ ಮೊದಲು ನೋಡಿದ್ದು.

ಅವರು ನಗಲಿಲ್ಲ. ನನ್ನನ್ನು ಕರೆದುಕೊಂಡು ಹೋಗಿ ಕಾರ್ಖಾನೆ ತೋರಿಸಿದರು. ಸಭಿಕರೇ, ನಾವೆಲ್ಲ ಸಿಮೆಂಟಿನ ಮನೆ ಕಟ್ಟಿದ್ದೇವೆ, ಸಿಮೆಂಟಿನ ದೇವಸ್ಥಾನ ಕಟ್ಟಿದ್ದೇವೆ, ಈ ಕಲ್ಯಾಣ ಮಂಟಪವೂ ಸಿಮೆಂಟಿನದೇ. ಆದರೆ ಅದು ಹುಟ್ಟುವ ಜಾಗವನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ? ಒಂದು ದೊಡ್ಡ ಉಕ್ಕಿನ ಕೊಳವೆ. ಅದರೊಳಗೆ ನಮ್ಮ ಲಾರಿಯೇ ಓಡಾಡಬಹುದು, ಅಷ್ಟು ಅಗಲ. ಅದು ಮಲಗಿದ ಹಾಗೆ ಮಲಗಿಕೊಂಡೇ ನಿಧಾನವಾಗಿ ಉರುಳುತ್ತಿರುತ್ತದೆ. ಅದೇ ಗೂಡು. ಕಪ್ಪು ಗಾಜು ಕೊಟ್ಟು ಒಳಗೆ ನೋಡಿ ಎಂದರು. ನೋಡಿದೆ. ಸೂರ್ಯನನ್ನು ಹಿಡಿದು ತಂದು ಒಳಗೆ ಕೂಡಿಹಾಕಿದ ಹಾಗಿತ್ತು. ಸುಣ್ಣದ ಕಲ್ಲು ಅಲ್ಲಿ ಕರಗಿ ಉಂಡೆಯಾಗುತ್ತದೆ. ಅಷ್ಟು ಶಾಖಕ್ಕೆ ಗುಡ್ಡ ಗುಡ್ಡ ಕಲ್ಲಿದ್ದಲು ಬೇಕು. ಆ ಕಲ್ಲಿದ್ದಲು ರೈಲಿನಲ್ಲಿ ಬರಬೇಕು, ಕೆಲವು ಸಲ ಹಡಗಿನಲ್ಲಿ ಬರಬೇಕು.

ಶರತ್ ಅವರು ಇನ್ನೊಂದು ವಿಷಯ ಹೇಳಿದರು. ಒಂದು ಮೂಟೆ ಸಿಮೆಂಟು ತಯಾರಾದರೆ ಹೆಚ್ಚೂಕಡಿಮೆ ಮುಕ್ಕಾಲು ಮೂಟೆ ತೂಕದ ಇಂಗಾಲದ ಅನಿಲ ಆಕಾಶಕ್ಕೆ ಹೋಗುತ್ತದಂತೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಲ್ಲಿನಿಂದಲೇ ಬರುತ್ತದಂತೆ. ಸುಟ್ಟಾಗ ಕಲ್ಲೇ ಉಸಿರು ಬಿಡುತ್ತದೆ. 'ಕಲ್ಲಿನ ಉಸಿರನ್ನು ನಾವು ತಡೆಯಲಾರೆವು ನಂಜುಂಡಪ್ಪನವರೇ, ಕಲ್ಲಿದ್ದಲಿನ ಹೊಗೆಯನ್ನು ಕಡಿಮೆ ಮಾಡಬಹುದು' ಎಂದರು. ಗಿಡದ ಕಡ್ಡಿ ಸುಟ್ಟರೆ ಪಾಪವಿಲ್ಲ. ಗಿಡ ಬೆಳೆಯುವಾಗ ಒಳಗೆ ತೆಗೆದುಕೊಂಡ ಅನಿಲವನ್ನೇ ವಾಪಸು ಬಿಡುತ್ತದೆ. ಅದಕ್ಕೆ ಹೊರದೇಶದವರು ಮೆಚ್ಚಿ ಪ್ರಮಾಣಪತ್ರ ಕೊಡುತ್ತಾರೆ. ಸುಧಾಮಣಿ ಮೇಡಂ ತಲೆ ಆಡಿಸುತ್ತಿದ್ದಾರೆ, ಹಾಗಾದರೆ ನಾನು ಹೇಳುತ್ತಿರುವುದು ಸರಿ ಇರಬೇಕು. ಹತ್ತನೇ ತರಗತಿಯ ವಿಜ್ಞಾನದಲ್ಲಿ ನಾನು ಎರಡು ಸಲ ನಪಾಸಾದವನು.

ಹೀಗೆ ಶುರುವಾಯಿತು. ಹತ್ತಿ ಕಡ್ಡಿ, ತೊಗರಿ ಕಡ್ಡಿ, ಸೂರ್ಯಕಾಂತಿ ಕಡ್ಡಿ, ಹಿಪ್ಪುನೇರಳೆ ಕಡ್ಡಿ, ತೆಂಗಿನ ಕರಟ. ಕಟ್ಟು ಕಟ್ಟಿ ಲಾರಿಗೆ ಏರಿಸಿ ಟಾರ್ಪಾಲು ಬಿಗಿದರೆ ಆಯಿತು, ಕತ್ತರಿಸುವ ಯಂತ್ರ ಕಾರ್ಖಾನೆಯಲ್ಲೇ ಇತ್ತು. ಹೊಲದವರಿಗೆ ಸಂತೋಷ. ಬೆಂಕಿ ಇಟ್ಟು ಸುಡುತ್ತಿದ್ದ ಕಡ್ಡಿಗೆ ಬೆಲೆ ಬಂತು, ಕಿತ್ತು ಸಾಗಿಸುವ ಕೆಲಸವೂ ತಪ್ಪಿತು. ಕಾರ್ಖಾನೆಗೆ ಸಂತೋಷ. ನನಗೂ ಸಂತೋಷ. ಏಜೆಂಟರನ್ನು ಇಟ್ಟೆ. ವರ್ಷ ವರ್ಷ ಹೊಸ ಊರು ಸೇರಿಸುತ್ತಾ, ಈಚೆಗೆ ಎರಡು ಮೂರು ವರ್ಷದಿಂದ ಪುಣಜನೂರಿನ ಸುತ್ತಲಿನ ಹೊಲಗಳಿಗೂ ಲಾರಿ ಕಳಿಸಿದೆ. ಹೊಲದವರ ಜೊತೆ ಮಾತೆಲ್ಲ ಅವರದೇ. ಲಾರಿಯ ಮೇಲೆ ನನ್ನ ಹೆಸರಿಲ್ಲ, ಮನೆದೇವರ ಹೆಸರಿದೆ. ಗುಂಡ್ಲುಪೇಟೆಯ ಸಾಹುಕಾರ ಎಂದರೆ ಕಡ್ಡಿ ಕೊಳ್ಳುವವನು ಎಂದು ಮಾತ್ರ ಆ ಕಡೆಯ ಹಳ್ಳಿಗಳಿಗೆ ಗೊತ್ತು.

ವೇಸ್ಟು ಎಂಬ ಮಾತನ್ನು ನಾನೂ ಕಲಿತೆ. ಎಲ್ಲ ಕಡೆ ಆಡಿದೆ. ಹೊಲದಲ್ಲಿ ವೇಸ್ಟು, ಬದುವಿನಲ್ಲಿ ವೇಸ್ಟು, ಕಣದಲ್ಲಿ ವೇಸ್ಟು. ಈಗ ಕೇಳುತ್ತೇನೆ. ಯಾರಿಗೆ ವೇಸ್ಟು? ಹೊಲ ಇದ್ದವನಿಗೆ ವೇಸ್ಟು, ಸರಿ. ಹೊಲ ಇಲ್ಲದವರಿಗೆ? ಈ ಪ್ರಶ್ನೆ ಬೇರೆ ಯಾರಿಗೆ ಹೊಳೆಯದಿದ್ದರೂ ನನಗೆ ಹೊಳೆಯಬೇಕಿತ್ತು, ಸಭಿಕರೇ. ಯಾಕೆಂದರೆ ನಾನು ಆ ಕಡ್ಡಿಯ ಬೆಂಕಿಯಲ್ಲಿ ಬೆಂದ ಮುದ್ದೆ ತಿಂದು ಬೆಳೆದವನು.

ನಮ್ಮೂರು ಉಮ್ಮತ್ತೂರು. ಒಂದು ಗುಂಟೆ ನೆಲವೂ ನಮಗಿರಲಿಲ್ಲ. ನಾನು ನಡೆಯಲು ಕಲಿಯುವ ಹೊತ್ತಿಗೆ ಅವ್ವ ತೀರಿಕೊಂಡಳು. ನನ್ನನ್ನು ಸಾಕಿದವಳು ನನ್ನ ಅಕ್ಕ ಮರಿತಾಯಮ್ಮ. ಅವಳೂ ಆಗ ಚಿಕ್ಕವಳೇ. ಹತ್ತಿ ಬಿಡಿಸಿ ಮುಗಿದ ಮೇಲೆ ಕೂಲಿಯವರು ಕಡ್ಡಿ ಕಿತ್ತುಕೊಂಡು ಹೋಗಬಹುದು. ಅದು ಯಾರೂ ಬರೆದಿಟ್ಟ ಕಾನೂನಲ್ಲ, ನಡೆದುಬಂದ ಪದ್ಧತಿ. ಹೊಲದವನಿಗೆ ಹೊಲ ಹಸನಾಗುತ್ತದೆ, ಕೂಲಿಯವರಿಗೆ ವರ್ಷದ ಉರುವಲು ಆಗುತ್ತದೆ. ಅಕ್ಕ ಹೊರೆ ಹೊತ್ತು ಮುಂದೆ ನಡೆದರೆ, ಬಿದ್ದ ಪುಳ್ಳೆ ಆರಿಸಿಕೊಂಡು ನಾನು ಹಿಂದೆ. ಹತ್ತಿ ಕಡ್ಡಿ ಹೊತ್ತಿಕೊಳ್ಳುವುದು ಬೇಗ, ಹೊಗೆ ಕಮ್ಮಿ. 'ಚಳಿ ಆದ್ರೆ ಒಲೆ ಮುಂದ್ಕೆ ಬಾ, ನಂಜ' ಎನ್ನುತ್ತಿದ್ದಳು. ಅವಳ ಮದುವೆ ಪುಣಜನೂರಿನ ಪಕ್ಕದ ಒಂದು ಕೇರಿಗೆ ಆಯಿತು. ಭಾವ ರಾಚಯ್ಯ ಒಳ್ಳೆಯ ಮನುಷ್ಯ, ಕಲ್ಲು ಒಡೆಯುವ ಕೆಲಸ. ಅಲ್ಲಿಯೂ ನೆಲವಿಲ್ಲ. ಕಾಡು ಮಾತ್ರ ಮನೆಯ ಹಿಂದೆಯೇ.

ನಾನು ಬೆಳೆದೆ. ಮೂಟೆ ಹೊತ್ತೆ, ಮಂಡಿ ಸೇರಿದೆ, ಮಂಡಿ ಕೊಂಡೆ. ಅಕ್ಕ ವರ್ಷಕ್ಕೊಮ್ಮೆ ಗುಂಡ್ಲುಪೇಟೆಗೆ ಬರುತ್ತಿದ್ದಳು. ಬಂದ ಕೂಡಲೇ ಯಶೋದಮ್ಮ ಅವಳಿಗೆ ಹೊಸ ಸೀರೆ ಕೊಟ್ಟು, 'ಮೊದಲು ಸ್ನಾನ ಮಾಡಿ ಇದನ್ನು ಉಟ್ಟುಕೊಳ್ಳಿ ಅತ್ತಿಗೆ' ಎನ್ನುತ್ತಿದ್ದಳು. ಅಕ್ಕನ ಹೊಗೆ ವಾಸನೆಯ ಹಳೆಯ ಸೀರೆಯನ್ನು ಹಿತ್ತಿಲಿನ ತಂತಿಯ ಮೇಲೆ ಗಾಳಿಗೆ ಹಾಕುತ್ತಿದ್ದಳು. ಅದು ಪ್ರೀತಿ ಎಂದೇ ನಾನು ತಿಳಿದಿದ್ದೆ. ಈಚೆಗೆ ಅಕ್ಕ ಬರುವುದು ನಿಂತಿತು. ಯಾಕೆ ಎಂದು ನಾನು ಕೇಳಲಿಲ್ಲ. ವ್ಯಾಪಾರದವರಿಗೆ ಪುರುಸೊತ್ತು ಇರುವುದಿಲ್ಲ ನೋಡಿ. ಯಶೋದಮ್ಮ ಮುಂದಿನ ಸಾಲಿನಲ್ಲೇ ಇದ್ದಾಳೆ. ತಪ್ಪು ತಿಳಿಯಬೇಡ, ಮಾರಾಯ್ತಿ. ಕೇಳದೆ ಇದ್ದವನು ನಾನು.

ಒಂದು ಯುಗಾದಿಗೆ ನಾನೇ ಅಕ್ಕನ ಮನೆಗೆ ಹೋಗಿದ್ದೆ. ಹಬ್ಬದ ದಿನ ಅವಳು ನನಗೆ ತಣ್ಣಗಿನ ಮುದ್ದೆ ಬಡಿಸಿದಳು. ಸಾರು ಮಾತ್ರ ಬಿಸಿ. ನಾನು ಏನೂ ಅಂದುಕೊಳ್ಳಲಿಲ್ಲ, ತಂಗಳು ಮುದ್ದೆ ನನಗೆ ಇಷ್ಟ ಎಂದು ಅವಳಿಗೆ ನೆನಪಿದೆ ಎಂದುಕೊಂಡೆ. ಅವಳ ಮಗಳು ಪುಟ್ಟಿ ಬಾಗಿಲಲ್ಲಿ ನಿಂತು, 'ಮಾವ, ನಮ್ಮನೇಲಿ ಈಗ ಒಂದೊತ್ತೆಯಾ ಒಲೆ ಅಚ್ಚದು. ಅವ್ವ ಕಾಡ್ಗೋಗಿ...' ಎಂದಳು.

'ಸುಮ್ಕಿರು ಕಣಮ್ಮಿ' ಎಂದಳು ಅಕ್ಕ. 'ಉಣ್ಣೋರ್ ಮುಂದೆ ಏನ್ ಮಾತು ಅದು.'

ನಾನು ಕೈ ತೊಳೆದು, ಪುಟ್ಟಿಯ ಕೈಗೆ ಬಿಸ್ಕತ್ತು ಪೊಟ್ಟಣ ಕೊಟ್ಟು, ಸಂಜೆಯ ಬಸ್ಸು ಹಿಡಿದೆ.

ಇನ್ನು ಹೋದ ವರ್ಷದ ವಿಷಯ. ಶಿವರಾತ್ರಿ ಕಳೆದಿತ್ತು. ಶರತ್ ಅವರ ಹತ್ತಿರ ಮಾತಾಡುವುದಿತ್ತು, ಹಾಗಾಗಿ ನಾನೂ ಲಾರಿ ಹತ್ತಿದೆ. ಲಾರಿ ಓಡಿಸುತ್ತಿದ್ದವನು ನಮ್ಮ ಶಿವಣ್ಣ, ಅಗೋ ಅಲ್ಲಿ ಕಂಬಕ್ಕೆ ಒರಗಿ ನಿಂತಿದ್ದಾನೆ. ನಡು ಮಧ್ಯಾಹ್ನ. ಪುಣಜನೂರಿನ ಚೆಕ್‌ಪೋಸ್ಟಿನಲ್ಲಿ ಲಾರಿ ನಿಂತಿತು. ಅರಣ್ಯ ಇಲಾಖೆಯ ಗಾರ್ಡ್ ಬಂದು ನನ್ನನ್ನು ನೋಡಿ ಸಲ್ಯೂಟ್ ಹೊಡೆದ. ನಮ್ಮ ಲೋಡಿಗೆ ರಹದಾರಿ ಇತ್ತು, ಎಲ್ಲ ಕ್ರಮಬದ್ಧ. ಗೇಟು ಎತ್ತಲು ಹೋದ.

ಗೇಟಿನ ಪಕ್ಕದಲ್ಲಿ, ಬಿಸಿಲಿನಲ್ಲಿ, ಕೆಲವು ಹೆಂಗಸರನ್ನು ನೆಲದ ಮೇಲೆ ಕೂರಿಸಿದ್ದರು. ಅವರ ಹಿಂದೆ ಸೌದೆ ಹೊರೆಗಳು ರಾಶಿ ಬಿದ್ದಿದ್ದವು. ಕಾಡಿನಿಂದ ಕದ್ದ ಸೌದೆ. ಎಲ್ಲರೂ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದರು. ಒಬ್ಬಳು ಮಾತ್ರ ಮುಖವೂ ಕಾಣದ ಹಾಗೆ ಎಳೆದುಕೊಂಡಿದ್ದಳು. ಸೆರಗು ಮುಚ್ಚಿದರೆ ಮುಖ ಮುಚ್ಚುತ್ತದೆ. ಕಾಲು ಮುಚ್ಚುತ್ತದೆಯೇ? ಎಡಗಾಲಿನ ಕಿರುಬೆರಳು ಮೇಲಕ್ಕೆ ಮಡಿಚಿಕೊಂಡಿತ್ತು. ಆ ಕಾಲಿನ ಹಿಂದೆ ನಾನು ಉಮ್ಮತ್ತೂರಿನ ಹೊಲಗಳಲ್ಲಿ ನಡೆದು ಬೆಳೆದಿದ್ದೇನೆ.

ಇಳಿದೆ. ಇಳಿಯದೆ ಹೋಗಬಹುದಿತ್ತು, ಗೇಟು ಎತ್ತಿಯಾಗಿತ್ತು. ಆದರೆ ಇಳಿದೆ, ಅಷ್ಟು ಮಾತ್ರ ಹೇಳಿಕೊಳ್ಳಬಲ್ಲೆ.

'ಇವರನ್ನು ಯಾಕೆ ಕೂರಿಸಿದ್ದೀರಿ?' ಎಂದೆ.

'ದಿನಾ ಇದೇ ಗೋಳು ಸಾರ್' ಎಂದ ಗಾರ್ಡ್. 'ಎರಡು ವರ್ಷದಿಂದ ಜಾಸ್ತಿ ಆಗಿದೆ. ಮೊನ್ನೆ ಆನೆ ಅಟ್ಟಿಸಿಕೊಂಡು ಬಂದು ಒಬ್ಬಳು ಹಳ್ಳಕ್ಕೆ ಬಿದ್ದು ಸೊಂಟ ಮುರಿದುಕೊಂಡಳು. ಆದರೂ ಬುದ್ಧಿ ಇಲ್ಲ.'

ನಾನು ಆ ಸೆರಗಿನ ಮುಂದೆ ನಿಂತು, 'ಇವರು ನಮ್ಮಕ್ಕ' ಎಂದೆ.

ಗಾರ್ಡ್ ನಕ್ಕ. 'ನೀವು ದೊಡ್ಡವರು ಸಾರ್, ಎಲ್ಲರನ್ನೂ ಅಕ್ಕ ಅಂತೀರಿ.'

'ಹಾಗಲ್ಲ. ಇವರು ನನ್ನ ಸ್ವಂತ ಅಕ್ಕ.'

ಆಗ ಸೆರಗಿನ ಒಳಗಿನಿಂದ ಮಾತು ಬಂತು. 'ನಾನ್ಯಾರೋ ಅವ್ರ್ಯಾರೋ ಸ್ವಾಮಿ. ಬಿಸ್ಲು ಒತ್ತು, ಯಾರ್ನೋ ನೋಡಿ ಯಾರೋ ಅಂದ್ಕೊಂಡವ್ರೆ. ಅವ್ರ ಲಾರಿ ಬುಡಿ.'

ಗಾರ್ಡ್ ಮತ್ತೆ ನಕ್ಕ. ಅಷ್ಟರಲ್ಲಿ ಆ ಹೆಂಗಸರಲ್ಲಿ ಹಿರಿಯಳೊಬ್ಬಳು ಎದ್ದು ನಿಂತಳು. ಅವಳ ಹೆಸರು ಮಂಚಮ್ಮ ಎಂದು ಆಮೇಲೆ ತಿಳಿಯಿತು. ಅವಳು ನೇರವಾಗಿ ಲಾರಿಯ ಹತ್ತಿರ ಹೋಗಿ, ಟಾರ್ಪಾಲಿನ ಕೆಳಗೆ ಚಾಚಿಕೊಂಡಿದ್ದ ಒಂದು ಕಡ್ಡಿಯನ್ನು ಮುರಿದಳು. ಅದರ ತುದಿಯಲ್ಲಿ ಒಡೆಯದ ಹತ್ತಿಕಾಯಿ ಒಂದು ಒಣಗಿ ಅಂಟಿಕೊಂಡಿತ್ತು.

'ಇದು ನಾವು ಬುಡಿಸಿದ್ ಅತ್ತಿ ಅಲ್ವ ಸ್ವಾಮಿ' ಎಂದಳು. ಜಗಳದ ದನಿಯಲ್ಲಿ ಅಲ್ಲ. ಕೇಳಿದಳು ಅಷ್ಟೇ. 'ಇದ್ನ ಎಲ್ಲಿಗ್ ತಕ್ಕಂಡೋಯ್ತೀರಿ?'

'ಸಿಮೆಂಟ್ ಕಾರ್ಖಾನೆಗೆ' ಎಂದೆ.

'ಅಲ್ಲಿ ಏನ್ ಮಾಡರು?'

'ಸುಡುತ್ತಾರೆ.'

'ನಾವೂ ಅದ್ನೆ ಮಾಡ್ತಿದ್ದದ್ದು' ಎಂದಳು.

ಸಭಿಕರೇ, ಪ್ರಪಂಚದ ಹವೆ ಬಿಸಿಯಾಗುತ್ತಿದೆ ಎಂದು ನಾನು ಅವಳಿಗೆ ಹೇಳಬಹುದಿತ್ತು. ಕಲ್ಲಿದ್ದಲಿನ ಅನಿಲ ಬೇರೆ, ಕಡ್ಡಿಯ ಅನಿಲ ಬೇರೆ ಎಂದು ಹೇಳಬಹುದಿತ್ತು. ಅದೆಲ್ಲ ಸುಳ್ಳೂ ಅಲ್ಲ. ಆದರೆ ಆ ಬಿಸಿಲಿನಲ್ಲಿ, ಆ ರಸ್ತೆಯ ಮೇಲೆ, ನಾನು ಲಾರಿಯ ಕಡೆ ಕೈ ತೋರಿಸಿದೆ. ಒಂದು ಕಟ್ಟು ಇಳಿಸಿಕೊಳ್ಳಿ ಎಂದೆ. ಶಿವಣ್ಣ ಹಗ್ಗ ಬಿಚ್ಚಲು ಹೋದ. ಯಾರೂ ಮುಂದೆ ಬರಲಿಲ್ಲ. ಗಾರ್ಡ್ ನನ್ನ ಮುಖ ನೋಡಿ ಹೆಂಗಸರನ್ನು ಎಬ್ಬಿಸಿ ಕಳಿಸಿದ, ಹೊರೆಗಳನ್ನು ಇಟ್ಟುಕೊಂಡ. ಅವರು ಬರಿಗೈಯಲ್ಲಿ ಒಬ್ಬರ ಹಿಂದೆ ಒಬ್ಬರು ನಡೆದರು. ನನ್ನ ಅಕ್ಕ ತಿರುಗಿ ನೋಡಲಿಲ್ಲ.

ಘಟ್ಟ ಇಳಿಯುವಷ್ಟು ಹೊತ್ತೂ ನಾನು ಒಂದೇ ವಿಷಯ ಯೋಚಿಸಿದೆ. ನನ್ನ ಮರ್ಯಾದೆ ಉಳಿಸಲು ಅಕ್ಕ ನನ್ನನ್ನು ಗುರುತಿಲ್ಲ ಎಂದಳು. ದೊಡ್ಡ ಮನುಷ್ಯನ ಅಕ್ಕ ಸೌದೆ ಕದ್ದು ಸಿಕ್ಕಿಬಿದ್ದಳು ಎಂದು ಯಾರೂ ಅನ್ನಬಾರದು ಎಂದು ತನ್ನ ಮುಖವನ್ನೇ ಮುಚ್ಚಿಕೊಂಡಳು. ಎಂಥ ಅಕ್ಕ, ಎಂಥ ತ್ಯಾಗ. ಹೀಗೆ ಯೋಚಿಸಿ ಕಣ್ಣೀರು ಒರೆಸಿಕೊಂಡೆ.

ಕಾರ್ಖಾನೆಯಲ್ಲಿ ಶರತ್ ಅವರಿಗೆ ನಡೆದದ್ದನ್ನು ಹೇಳಿದೆ. ಅವರು, 'ನಮ್ಮ ಗೇಟಿನೊಳಗೆ ಎಷ್ಟು ಬಂತು, ಎಷ್ಟು ಕಲ್ಲಿದ್ದಲು ಉಳಿಯಿತು ಎಂದು ಮಾತ್ರ ನೋಡಿದೆ. ಕಡ್ಡಿ ಇಲ್ಲದಿದ್ದರೆ ಹಳ್ಳಿಯಲ್ಲಿ ಯಾರು ಏನು ಮಾಡುತ್ತಾರೆ ಎಂದು ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ' ಎಂದರು. ಮತ್ತೆ, 'ನೀವು ನಿಲ್ಲಿಸಿದರೆ ಗೂಡು ನಿಲ್ಲುವುದಿಲ್ಲ ನಂಜುಂಡಪ್ಪನವರೇ. ಅಷ್ಟೂ ಕಲ್ಲಿದ್ದಲು ಸುಡುತ್ತೇವೆ' ಎಂದರು. ಈ ಮಾತನ್ನು ಇಲ್ಲಿ ಆಡುತ್ತೇನೆ ಎಂದು ಅವರಿಗೆ ಮೊದಲೇ ಹೇಳಿದ್ದೇನೆ. ಆಡಿ ಎಂದಿದ್ದಾರೆ. ಅದಕ್ಕೆ ನಾನು ಅವರಿಗೆ ಋಣಿ.

ವಾಪಸು ಬರುವಾಗ ಅಕ್ಕನ ಮನೆಯ ಹತ್ತಿರ ಇಳಿದುಕೊಂಡೆ. ಬೆಳಗಿನ ಹೊತ್ತು. ಅಂಗಳದಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದಳು. ನನ್ನನ್ನು ಕಂಡು, 'ಕೂತ್ಕೊ' ಎಂದಳು. ಕುಳಿತೆ. ನಾನು ತಯಾರಿ ಮಾಡಿಕೊಂಡು ಹೋಗಿದ್ದ ಮಾತನ್ನೇ ಆಡಿದೆ. 'ಅಕ್ಕ, ನನ್ನ ಮರ್ಯಾದೆಗೋಸ್ಕರ ನೀನು ಹಾಗೆ ಅನ್ನಬಾರದಿತ್ತು. ನನಗೆ ನಾಚಿಕೆ ಇಲ್ಲ. ಯಾರ ಮುಂದೆಯಾದರೂ ನೀನು ನನ್ನ ಅಕ್ಕ ಎಂದು ಹೇಳುತ್ತೇನೆ.'

ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಅವಳು ಹಾಗೆ ನೋಡಿದ್ದನ್ನು ನಾನು ಮರೆಯಲಾರೆ.

'ನಿನ್ ಮರ್ವಾದೆ ಎಲ್ಲಿ ಬಂತ್ಲಾ ನಂಜ' ಎಂದಳು. 'ನೀನು ನನ್ ತಮ್ಮ ಅಂತ ಗೊತ್ತಾದ್ರೆ ಅವ್ರು ನನ್ನ ಸೇರುಸ್ಕಳಾರು ಅಂದ್ಕಂಡಿದ್ದೀಯ? ಒಬ್ಳೇ ಕಾಡ್ಗೋಗಕ್ಕಾದದ? ಆನೆ ಇದ್ದದೆ. ಅವ್ರ್ ಜತೆ ಓದ್ರೆಯೆ ನಾನು ಉಳ್ಯದು. ಎಲ್ರುಗೂ ನನ್ ತಮ್ಮ ಗುಂಡ್ಲುಪ್ಯಾಟೇಲಿ ಈರುಳ್ಳಿ ಯಾಪಾರ ಮಾಡ್ತನೆ ಅಂತ್ಲೆ ಏಳ್ಕಂಡ್ ಬಂದಿದ್ದೆ. ಕಡ್ಡಿ ಸಾವ್ಕಾರ ನೀನೆ ಅಂತ ಇನ್ನೂ ಒಬ್ರುಗೂ ಏಳಿಲ್ಲ. ನೀನು ಅಲ್ಲಿ ಇಳ್ದು, ನಮ್ಮಕ್ಕ ನಮ್ಮಕ್ಕ ಅಂತ ನಿಂತ್ಕಂಡ್ರೆ ನನ್ ಗತಿ ಏನ್ಲಾ?'

ಮತ್ತೆ ಸೊಪ್ಪಿಗೆ ಕೈ ಹಾಕಿ, ಮೆಲ್ಲಗೆ ಹೇಳಿದಳು. 'ನಂಗೇ ನಾಚ್ಕೆ ಆಯ್ತಿತ್ತು ಕಣಪ್ಪ.'

ಸಭಿಕರೇ, ಆ ಹಿರಿಮೆಯಲ್ಲಿ ನಾನು ಘಟ್ಟ ಇಳಿದು ಘಟ್ಟ ಹತ್ತಿದ್ದೆ. ನನಗಾಗಿ ನಾಚಿಕೊಂಡಳು ಎಂದು ತಿಳಿದಿದ್ದೆ. ಅವಳು ನಾಚಿದ್ದು ನನ್ನಿಂದ. ಅಂಗಳದಲ್ಲಿ ಕುಳಿತಿದ್ದವನು ಏಳುವುದು ಹೇಗೆ ಎಂದು ನನಗೆ ತಿಳಿಯಲಿಲ್ಲ. ಗ್ಯಾಸ್ ಒಲೆ ಕೊಡಿಸುತ್ತೇನೆ ಎಂದೆ. 'ನಂಗೊಬ್ಬುಳ್ಗೆ ಕೊಡುಸ್ಬುಟ್ರೆ ಮುಗ್ದೋಯ್ತ?' ಎಂದಳು. ಇನ್ನು ಮೇಲೆ ಕಡ್ಡಿ ಕೊಳ್ಳುವುದನ್ನೇ ಬಿಡುತ್ತೇನೆ ಎಂದೆ. 'ನೀ ಬುಟ್ರೆ ಇನ್ನೊಬ್ಬ ಬತ್ತನೆ' ಎಂದಳು.

ಅವಳು ಹೇಳಿದ ಹಾಗೆಯೇ ಆಯಿತು. ಆ ಭಾಗದ ಹತ್ತಿ ಕಡ್ಡಿ ಕೊಳ್ಳುವುದನ್ನು ನಾನು ನಿಲ್ಲಿಸಿದೆ. ಹೊಲದವರು ನನ್ನ ಏಜೆಂಟರನ್ನು ಬೈದರು. ಆ ತಿಂಗಳು ಮುಗಿಯುವ ಮೊದಲೇ ಘಟ್ಟದ ಕೆಳಗಿನಿಂದ ಬೇರೊಬ್ಬ ಗುತ್ತಿಗೆದಾರ ಬಂದು ಉಳಿದದ್ದನ್ನೆಲ್ಲ ಬಾಚಿಕೊಂಡು ಹೋದ. ಹೆಂಗಸರು ಕಾಡಿಗೆ ಹೋಗುತ್ತಲೇ ಇದ್ದರು. ನಾನು ಕೈ ತೊಳೆದುಕೊಂಡೆ, ಅಷ್ಟೇ. ಕೈ ತೊಳೆದ ನೀರಿನಿಂದ ಯಾರ ಒಲೆ ಹೊತ್ತುತ್ತದೆ?

ಆಮೇಲೆ ಮತ್ತೆ ಕಡ್ಡಿ ವ್ಯಾಪಾರಕ್ಕೇ ಇಳಿದೆ. ಏಜೆಂಟರನ್ನು ಬಿಟ್ಟು ನಾನೇ ಹೊಲ ಹೊಲಕ್ಕೆ ಹೋದೆ. ಹತ್ತಿ ಬಿಡಿಸಿದವರು ಮೊದಲು ತಮಗೆ ವರ್ಷಕ್ಕೆ ಬೇಕಾದಷ್ಟು ಕಡ್ಡಿ ಕಿತ್ತುಕೊಳ್ಳಲಿ, ಉಳಿದದ್ದನ್ನು ಮಾತ್ರ ನಾನು ಕೊಳ್ಳುತ್ತೇನೆ, ಆ ಕರಾರಿಗೆ ಒಪ್ಪುವವರ ಹೊಲದ ಫಸಲು ಸಾಗಿಸುವ ಲಾರಿ ಬಾಡಿಗೆ ನನ್ನದು ಎಂದೆ. ಕೆಲವರು ಒಪ್ಪಿದರು. ಕೆಲವರು, 'ನಮ್ಮ ಹೊಲದ ಕಡ್ಡಿಗೆ ನಿನ್ನ ಪಂಚಾಯ್ತಿ ಏನಯ್ಯ?' ಎಂದರು. ಅವರದೂ ತಪ್ಪಲ್ಲ, ಬೆಲೆ ಇದೆ ಎಂದು ಕಲಿಸಿದವನು ನಾನೇ. ಶರತ್ ಅವರು ಕಾರ್ಖಾನೆಯಲ್ಲಿ ಮಾತಾಡಿ, ಈ ರೀತಿ ಬಂದ ಕಡ್ಡಿ ಕಮ್ಮಿಯಾದರೂ ತೆಗೆದುಕೊಳ್ಳುತ್ತೇವೆ ಎಂದು ಒಪ್ಪಿಸಿದ್ದಾರೆ. ಆ ಕೊರತೆಗೆ ಈ ವರ್ಷ ಅಲ್ಲಿ ಕಲ್ಲಿದ್ದಲು ಉರಿಯುತ್ತಿದೆ. ಅದನ್ನು ಮುಚ್ಚಿಡಬಾರದು. ಅಧ್ಯಕ್ಷರು ಹೊದಿಸಿದ ಈ ಶಾಲು ಕಳೆದ ಸಾಲಿನ ಉಳಿತಾಯಕ್ಕೆ. ಯಾವ ಸಾಲಿನಲ್ಲಿ ಆ ಹೆಂಗಸು ಹಳ್ಳಕ್ಕೆ ಬಿದ್ದು ಸೊಂಟ ಮುರಿದುಕೊಂಡಳೋ ಅದೇ ಸಾಲಿನದು. ಈ ಸಾಲಿಗೆ ನನ್ನನ್ನು ಯಾರೂ ಕರೆಯುವುದಿಲ್ಲ, ಕರೆಯಬೇಕಾಗಿಯೂ ಇಲ್ಲ.

ಮೇಡಂ, ಕಲ್ಲಿದ್ದಲು ಸುಟ್ಟರೆ ತಪ್ಪೋ, ಕಡ್ಡಿ ಸುಟ್ಟರೆ ತಪ್ಪೋ ಎಂದು ನೀವು ಕೇಳಿದರೆ ಈಗಲೂ ನಾನು ನಪಾಸು. ಎರಡೂ ಕಡೆಯ ಹೊಗೆ ನಿಜ. ಯಾರ ಕಣ್ಣಿಗೆ ಹೋಗುತ್ತದೆ ಎನ್ನುವುದು ಮಾತ್ರ ಬೇರೆ.

ಮೊನ್ನೆ ಅಕ್ಕನನ್ನು ಈ ಸಮಾರಂಭಕ್ಕೆ ಕರೆಯಲು ಹೋಗಿದ್ದೆ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುತ್ತೇನೆ ಎಂದೆ. 'ಬರಕ್ಕಾಗಲ್ಲ ಕಣ್ಲಾ' ಎಂದಳು. 'ಅವತ್ತೆಯಾ ದೊಡ್ಡೊಲ್ದಲ್ಲಿ ಕಡ್ಡಿ ಕೀಳದು. ನೀನ್ ಒಪ್ಸಿದ್ದೀಯಲ್ಲ, ಆ ಒಲ. ಎಲ್ರೂ ಓಯ್ತಾ ಇದ್ದೀವಿ.'

'ಮಂಚಮ್ಮನೂ?' ಎಂದೆ.

'ಊಂ.'

'ನಾನು ಯಾರು ಅಂತ ಅವರಿಗೆ ಹೇಳಿದ್ದೀಯಾ?'

'ನಾನ್ಯಾಕೆ ಏಳನ' ಎಂದಳು. 'ಅದು ನೀನ್ ಏಳ್ಬೇಕಾದ್ ಮಾತು. ಅವತ್ತು ನಾನು ಸುಳ್ಳಾಡಿದ್ದೂ ಸೇರ್ಸಿ ಏಳು. ಆಮ್ಯಾಲೆ ಅವ್ರು ನನ್ನ ಬುಟ್ರೆ ಬುಡ್ಲಿ, ಕರುದ್ರೆ ಕರೀಲಿ. ಸಂಜೆಯೊಳ್ಗೆ ಒಲುಕ್ಕೆ ಬಾ. ಒರೆ ಕಟ್ಟಾದ್ ಮ್ಯಾಲೆ ತಲೆಗೆ ಎತ್ತಕ್ಕೆ ಒಬ್ರು ಬೇಕೇ ಬೇಕು, ಬಂದಂಗೂ ಆಯ್ತದೆ.'

ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ನಾನೂ ನೋಡುತ್ತಿದ್ದೇನೆ. ಇಲ್ಲಿಂದ ಚಾಮರಾಜನಗರ, ಅಲ್ಲಿಂದ ಪುಣಜನೂರು, ಶಿವಣ್ಣ ಹೊರಗೆ ಜೀಪು ತಿರುಗಿಸಿ ನಿಲ್ಲಿಸಿದ್ದಾನೆ. ಊಟಕ್ಕೆ ನಿಲ್ಲುತ್ತಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಮೈಕು ಕೊಟ್ಟು, ಹಾರ ಹಾಕಿ, ನೀವು ಕೂರಿಸಿದ್ದಕ್ಕೆ ಇಲ್ಲಿ ಇಷ್ಟು ಮಾತಾಡಿದೆ. ಆ ಹೊಲದಲ್ಲಿ ಮಂಚಮ್ಮನ ಮುಂದೆ ನಿಂತು, ನಾನು ಮರಿತಾಯಮ್ಮನ ತಮ್ಮ ಎನ್ನುವಷ್ಟು ಚಿಕ್ಕ ಮಾತು ಬಾಯಿಗೆ ಬರುತ್ತದೋ ಇಲ್ಲವೋ, ಬಂದರೂ ಅವರು ಅಕ್ಕನನ್ನು ಜೊತೆಗೆ ಇಟ್ಟುಕೊಳ್ಳುತ್ತಾರೋ ಇಲ್ಲವೋ, ನನಗೆ ಗೊತ್ತಿಲ್ಲ. ಹೊರೆ ಎತ್ತಿ ಕೊಡಲು ಮಾತ್ರ ಬರುತ್ತದೆ. ಅದನ್ನು ಮರೆತಿಲ್ಲ ಎಂದುಕೊಂಡಿದ್ದೇನೆ.

ಇಷ್ಟು ಹೊತ್ತು ಕೇಳಿದ ನಿಮಗೆ, ಕೇಳಿಯೂ ಎದ್ದು ಹೋಗದ ಶರತ್ ಅವರಿಗೆ, ನಡುವೆ ಗಂಟೆ ಬಾರಿಸದ ಅಧ್ಯಕ್ಷರಿಗೆ, ಕಣ್ಣು ಒರೆಸಿಕೊಳ್ಳುತ್ತಿರುವ ನನ್ನ ಮನೆಯಾಕೆಗೆ ನಾನು ಕೃತಜ್ಞ. ಯಶೋದಾ, ಬರುವುದಾದರೆ ನೀನೂ ಬಾ, ಜೀಪಿನಲ್ಲಿ ಜಾಗವಿದೆ.

ನಾನಿನ್ನು ಹೊರಡುತ್ತೇನೆ. ನಮಸ್ಕಾರ.